ಡೊವೇಜರ್ ಎಂದು ಬರೆಯದ ಚೀಟಿ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಲಂಡನ್ನಿನ ಒಂದು ಔತಣದ ಹಾಲ್‌ನಲ್ಲಿ, ಅತಿಥಿಗಳು ಎಲ್ಲೆಲ್ಲಿ ಕೂರಬೇಕೆಂದು ತೋರಿಸುವ ಹೆಸರಿನ ಚೀಟಿ ಬರೆಯುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ಸೇರಿಸಿಕೊಂಡಿದ್ದರು. ಊರಂಚಿನ ಇಲ್ಫರ್ಡಿನ ಮನೆಯಿಂದ ರೈಲಿನಲ್ಲಿ ನಿಂತೇ ಹೋಗಿ, ನಿಂತೇ ಬಂದು, ನಡುವೆ ದಿನವಿಡೀ ಕಂಡವರ ಬಿರುದು ಬರೆಯುವುದು. ಸರ್ ಎನಿಸಿಕೊಂಡವನ ಹೆಂಡತಿ ಲೇಡಿ. ತಂದೆಯಿಂದ ಮಗನಿಗೆ ಬರುವ ಅರ್ಲ್ ಬಿರುದಿದ್ದವನ ಹೆಂಡತಿ ಕೌಂಟೆಸ್. ಅರ್ಲ್‌ನ ಮಗಳೂ ಲೇಡಿಯೇ, ಆದರೆ ಅವಳಿಗೆ ಅವಳದೇ ಹೆಸರು ಹಚ್ಚಬೇಕು. ತಲೆ ಚಿಟ್ಟು ಹಿಡಿದಿತ್ತು.

ಅವತ್ತು ಒಬ್ಬ ಅರ್ಲ್‌ನ ಮಗಳ ಮದುವೆಯೂಟ. ಪಟ್ಟಿಯಲ್ಲಿ ಇಬ್ಬರು ಕೌಂಟೆಸ್‌ಗಳಿದ್ದರು: ಮದುಮಗಳ ತಾಯಿ ಮತ್ತು ಅಪ್ಪನ ಕಡೆಯ ಅಜ್ಜಿ. ಅಜ್ಜಿಯ ಬಿರುದಿನ ಮುಂದೆ ‘ಡೊವೇಜರ್’ ಎಂದಿತ್ತು. ಗಂಡ ತೀರಿಕೊಂಡು, ಬಿರುದು ಮಗನಿಗೆ ಹೋಗಿ, ಸೊಸೆ ಕೌಂಟೆಸ್ ಆದ ಮೇಲೆ ಅತ್ತೆಗೆ ಅಂಟುವ ಮಾತು ಅದು. ಮೊಮ್ಮಗಳ ಮದುವೆಯ ದಿನ, ತಟ್ಟೆಯ ಮುಂದೆ, ಗಂಡ ಸತ್ತವಳು ಎಂದು ಚೀಟಿ ಇಡುವುದೇ? ನಮ್ಮ ಕಡೆ ಶುಭಕಾರ್ಯದಲ್ಲಿ ಅದನ್ನು ಬಾಯಲ್ಲಿ ಆಡುವುದಕ್ಕೂ ಹಿಂಜರಿಯುತ್ತಾರೆ. ಬರೆಯಲು ಕೈ ಬರಲಿಲ್ಲ. ಆ ಮಾತು ಬಿಟ್ಟು ಇಬ್ಬರಿಗೂ ಒಂದೇ ಥರ ಬರೆದೆ. ಇಲ್ಲದ ಉಸಾಬರಿ.

ಅಜ್ಜಿಯ ಕುರ್ಚಿ ಇದ್ದದ್ದು ಪಕ್ಕದ ಮೇಜಿನಲ್ಲಿ. ಆಕೆ ಮೊದಲು ಕಂಡದ್ದು ಮುಖ್ಯ ಮೇಜಿನಲ್ಲಿ ಸೊಸೆಗೆಂದು ಇಟ್ಟ ಚೀಟಿಯನ್ನು. ಓದಿ, ಮಗನಿಗೆ ಮೀಸಲಾದ ಕುರ್ಚಿಯ ಪಕ್ಕದಲ್ಲೇ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಸೊಸೆ ಬಂದು ಕುರ್ಚಿಯ ಹಿಂದೆ ನಿಂತರು.

ಮೇಲ್ವಿಚಾರಕಿ ನನ್ನತ್ತ ನೋಡಿದಳು. “ಬರೆದವಳು ನೀನು. ನೀನೇ ಹೋಗಿ ಎಬ್ಬಿಸು.”

ಬೆಳಗಿನಿಂದ ನಿಂತು ಕಾಲು ಸೋತಿದ್ದವು. ಹೋಗಿ ಅಜ್ಜಿಯ ಬಳಿ ಬಗ್ಗಿ, ನಿಮ್ಮ ಜಾಗ ಆ ಕಡೆ ಇದೆ ಎಂದೆ. ಅವರು ಚೀಟಿಯನ್ನು ತೋರಿಸಿದರು. “ಇದರಲ್ಲಿ ಡೊವೇಜರ್ ಅಂತ ಇಲ್ವಲ್ಲ,” ಎಂದರು ಮೆಲ್ಲಗೆ. “ಇವತ್ತೊಂದು ದಿನ ಅದನ್ನ ಹಾಕಬೇಡಿ ಅಂತ ನನ್ನ ಮಗನೇ ಹೇಳಿರಬೇಕು, ಅಲ್ವಾ?”

ಹೌದು ಎಂದರೆ ಸಾಕಿತ್ತು. ಆ ಒಂದು ಮಾತು ಹಿಡಿದುಕೊಂಡು ಅವರು ಯಾವ ಕುರ್ಚಿಯಲ್ಲಾದರೂ ಕೂರುತ್ತಿದ್ದರು. ಆದರೆ ನನಗೆ ಎಷ್ಟು ಸುಸ್ತಾಗಿತ್ತೆಂದರೆ ಬೇಕಾದ ಸುಳ್ಳು ಹೊಳೆಯಲೇ ಇಲ್ಲ.

“ಇಲ್ಲ ಮೇಡಂ,” ಎಂದೆ. “ನಾನು ಬಿಟ್ಟದ್ದು.”