ವಿಮಾನ ಇಳಿದ ಮೇಲೆ ಹೇಳುವ ತಪ್ಪು

ಹರಿಹರದ ನಮ್ಮ ವರ್ಕ್‌ಶಾಪಿನ ಮಾಲೀಕರು ದಾವಣಗೆರೆಯಿಂದ ನಿವೃತ್ತ ಯುದ್ಧವಿಮಾನ ಪೈಲಟ್ ಒಬ್ಬರನ್ನು ಭಾಷಣಕ್ಕೆ ಕರೆಸಿದ್ದರು. "ವಿಮಾನ ಇಳಿದ ಮೇಲೆ ಹಾರಾಟದ ತಪ್ಪು-ಒಪ್ಪು ಮಾತಾಡೋಕೆ ಕೂತರೆ ನಮ್ಮಲ್ಲಿ ದೊಡ್ಡವರು, ಚಿಕ್ಕವರು ಅಂತಿಲ್ಲ. ಯಾರು ಯಾರ ತಪ್ಪನ್ನಾದರೂ ಮುಖದ ಮೇಲೆ ಹೇಳಬಹುದು. ಬದುಕಿನಲ್ಲಿ ಗೆಲ್ಲೋದೂ ಹಂಗೇ" ಅಂದರು ಪೈಲಟ್. ಮಾಲೀಕರು ಜೋರಾಗಿ ಚಪ್ಪಾಳೆ ತಟ್ಟಿ, "ನಾಳೆಯಿಂದ ನಮ್ಮಲ್ಲೂ ಇದೇ ಪದ್ಧತಿ" ಅಂದರು.

ನಾಳೆವರೆಗೆ ಯಾಕ ಕಾಯಬೇಕು? ಎದ್ದು ನಿಂತೆ.

"ಸರ್, ಕೆಲಸ ಬೇಗ ಆಗ್ಲಿ ಅಂತ ಪ್ರೆಸ್ ಮಷೀನಿಗೆ ಕೈ ಸಿಗದಂಗ ಅಡ್ಡ ಇದ್ದ ಗಾರ್ಡ್ ಬಿಚ್ಚಿಸಿದ್ದು ನಿಮ್ಮ ತಪ್ಪು. ಯಾರದಾದ್ರೂ ಕೈ ಹೋಗ್ತೈತ್ರಿ."

"ಕೂಡ್ರಮ್ಮ, ಊಟಕ್ಕೆ ಹೊತ್ತಾತು" ಅಂದರು ಮಾಲೀಕರು.

"ಗಾರ್ಡ್ ಹಾಕಿಸ್ತೀನಿ ಅನ್ರಿ, ಕೂಡ್ತೀನಿ."

ಈ ಸಲ ಚಪ್ಪಾಳೆ ತಟ್ಟಿದವರು ಪೈಲಟ್ ಒಬ್ಬರೇ.

ಸಂಜೆಗೆ ಗಾರ್ಡ್ ಬಂತು. ಮುಂದಿನ ತಿಂಗಳು ಮಾಲೀಕರು ನಮಗೆ ಧ್ಯಾನದ ತರಬೇತಿ ಇಟ್ಟರು. ಕಣ್ಣೂ ಮುಚ್ಚಬೇಕು, ಬಾಯಿಯೂ ಮುಚ್ಚಬೇಕು. ನಾನು ಕಣ್ಣಷ್ಟೇ ಮುಚ್ಚಿದೆ.