ಹನ್ನೆರಡನೆಯ ಕುರ್ಚಿ

ಮೊನ್ನೆ ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಪವಿತ್ರ ಗುರುವಾರದ ಸಂಜೆ, ಯೇಸು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾದ ತೊಳೆಯುವ ಆರಾಧನೆ ಇದೆ, ಕುರ್ಚಿಯಲ್ಲಿ ಕೂಡಲು ಹನ್ನೆರಡು ಜನ ಬೇಕು, ಹೆಸರು ಕೊಡಿ ಎಂದು. ಕೊಟ್ಟವರು ನಾಲ್ಕೇ ಮಂದಿ. ಬೋಗುಣಿ ಹಿಡಿಯಲು, ಟವೆಲು ಒಗೆಯಲು, ಕೊನೆಗೆ ನೆಲ ಒರೆಸಲು ಮಾತ್ರ ಹೆಸರುಗಳು ಸಾಲುಗಟ್ಟಿದ್ದವು. ಅವುಗಳಲ್ಲಿ ಮೊದಲನೆಯದು ನನ್ನದು. ನಗಬೇಡಿ. ನಮ್ಮ ಶಹಾಬಾದಿನ ಕ್ರೈಸ್ತರಿಗೆ ಇನ್ನೊಬ್ಬರ ಕಾಲು ತೊಳೆಯುವುದು ಸುಲಭ, ತಮ್ಮ ಕಾಲು ಮುಂದೆ ಚಾಚುವುದು ಕಷ್ಟ.

ಅದೇ ದಿನ ಕಣ್ಣಿನ ಡಾಕ್ಟರಿಂದ ಫೋನು. ಪೊರೆ ತೆಗೆಯಲು ಸೋಮವಾರ ಕಲಬುರಗಿಗೆ ಬರಬೇಕು. "ಜೊತಿಗಿ ಒಬ್ಬರನ್ನ ಕರ್ಕೊಂಡು ಬರ್ರಿ ಮೇಡಂ. ಒಬ್ರೇ ಬಂದ್ರ ಈ ಸಲಾನೂ ವಾಪಸ್ ಕಳಿಸ್ತೀವಿ. ಇನ್ನ ತಡ ಮಾಡಿದ್ರ ಆ ಕಣ್ಣಿನ ಆಸೆ ಬಿಡ್ರಿ." ಎರಡು ಸಲ ಒಬ್ಬಳೇ ಹೋಗಿ ಒಬ್ಬಳೇ ಮರಳಿದ್ದೆ. ನನಗೆ ಮದುವೆಯಾಗಿಲ್ಲ, ತಮ್ಮ ದೂರದಲ್ಲಿದ್ದಾನೆ. ಹಾಗೆಂದು ಕರೆದರೆ ಬರುವವರೇ ಇಲ್ಲವೆಂದಲ್ಲ. ಕರೆಯಲು ನನಗೆ ಬಾಯಿ ಬರುವುದಿಲ್ಲ.

ಈ ಚಾಳಿ ಬಂದದ್ದು ಎಸ್ತರತ್ತೆಯಿಂದ. ಅಪ್ಪನ ಅಕ್ಕ, ವಾಡಿಯಲ್ಲಿ ನರ್ಸು. ಹೈಸ್ಕೂಲು ಮುಗಿಯುವವರೆಗೆ ನಾನು ಅವಳ ಮನೆಯಲ್ಲೇ ಇದ್ದೆ. ಬಂದವರಿಗೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿ, ಕೊನೆಗೆ ತಾನು ಸೀದದ್ದನ್ನು ಹುಡುಕಿ ತಿನ್ನುವಳು. "ನನಗ ಕರಕಾಗಿದ್ದೇ ಸೇರ್ತದವ್ವಾ." ಹೊಸ ಸೀರೆ ಬಂದರೆ ವಾರದೊಳಗೆ ಬೇರೆ ಯಾರದೋ ಮೈಮೇಲೆ. "ಎಸ್ತರಮ್ಮ ಅಂದ್ರ ದೇವರಂಥಾಕಿ" ಎಂದು ಜನ ಅಂದರೆ ತಲೆ ತಗ್ಗಿಸಿ, "ಅಯ್ಯ, ಇದರಾಗ ನಂದೇನದರಿ" ಎನ್ನುವಳು. ಹಾಗೆ ಅನಿಸಿಕೊಂಡ ದಿನ ಪಾತ್ರೆ ತಿಕ್ಕುತ್ತ ಗುನುಗುವಳು. ಯಾರೂ ಏನೂ ಅನ್ನದ ದಿನ ಪಾತ್ರೆಗಳ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು. ಅದೇಕೆಂದು ನನಗೆ ಆಗ ತಿಳಿದಿರಲಿಲ್ಲ.

ಒಂದು ವರ್ಷ ವಾಡಿಯ ಚರ್ಚಿಗೆ ಹೊಸ ಪಾದ್ರಿ ಅಯ್ಯನವರು ಬಂದರು. ಕುರ್ಚಿಯಲ್ಲಿ ಹೆಂಗಸರೂ ಕೂಡಲಿ ಎಂದರು. ಗುರುವಾರ ಸಂಜೆ ಹನ್ನೊಂದು ಜನ ಕೂತಿದ್ದಾರೆ, ಹನ್ನೆರಡನೆಯ ಕುರ್ಚಿ ಖಾಲಿ. ಅತ್ತೆ ಎಂದಿನಂತೆ ಬೋಗುಣಿ ಹಿಡಿದು ನಿಂತಿದ್ದಳು.

"ಎಸ್ತರಮ್ಮ, ನೀವೇ ಕುಂದ್ರಿ," ಎಂದರು ಅಯ್ಯನವರು.

"ನಾನ್ಯಾಕ್ರಿ? ನಾನು ಕೆಲಸದಾಕಿ."

"ಇವತ್ತೊಂದಿನ ಕೆಲಸ ನನಗ ಬಿಡ್ರಿ."

ಅತ್ತೆಯ ಮುಖ ಕೆಂಪಾಯಿತು. "ಒಲ್ಲೆ ಅಂದ್ನಲ್ರಿ!" ಎಂದು ಇಡೀ ಸಭೆಗೆ ಕೇಳುವಂತೆ ಕಿರುಚಿದಳು. ಬೋಗುಣಿಯನ್ನು ನೆಲದ ಮೇಲೆ ಕುಕ್ಕಿ ಹೊರಟೇಹೋದಳು. ನೀರು ಚೆಲ್ಲಿ ಹಾಸುಗಲ್ಲಿನ ಮೇಲೆ ಹರಿಯಿತು. ಅದನ್ನು ಒರೆಸಿದವಳು ನಾನು. ಮನೆಗೆ ಬಂದರೆ ಅವಳು ಕತ್ತಲಲ್ಲಿ ಕೂತು ಅಳುತ್ತಿದ್ದಳು. ಯಾಕೆಂದು ಕೇಳಿದರೆ, "ನನಗ ಅಷ್ಟು ದೊಡ್ಡಸ್ತಿಕಿ ಬ್ಯಾಡವ್ವಾ," ಎಂದಳು. ವಿನಯ ಅಂದರೆ ಇದೇ ಎಂದು ನಾನು ನಂಬಿದೆ.

ಮುಂದೆ ಅವಳಿಗೆ ಕಾಯಿಲೆಯಾಯಿತು. ಓದು ಬಿಟ್ಟು ಓಡಿ ಬಂದು ಹಾಸಿಗೆಯ ಪಕ್ಕ ಕೂತು ಕಾಲೊತ್ತಲು ಹೋದೆ. ಬಾತ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. "ಬ್ಯಾಡ ಮಗಾ, ಸುಮ್ಮನ ನಿನಗ ತ್ರಾಸ." ದಿನಾ ಅದೇ ಮಾತು. ಯಾರಿಗೂ ತ್ರಾಸ ಕೊಡದೆ ಹೋದಳೆಂದು ಸತ್ತ ದಿನ ಎಲ್ಲರೂ ಹೊಗಳಿದರು. ನನಗೆ ಮಾತ್ರ ಸಿಟ್ಟು ಬಂದಿತ್ತು. ನನ್ನ ಕೈಯಿಂದ ಅವಳು ಏನನ್ನೂ ತೆಗೆದುಕೊಳ್ಳದೆ ಹೋದಳು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ನಾನು ಮನಃಶಾಸ್ತ್ರದ ಮೇಡಂ ಆದೆ. ವಾಡಿಯಲ್ಲಿ ಗಾಡಿ ಬದಲಿಸಿ ಸೇಡಮ್ಮಿಗೆ ಹೋಗಿ ಹುಡುಗರಿಗೆ ಅಹಂ ಎಂದರೇನೆಂದು ವರ್ಷಗಟ್ಟಲೆ ಪಾಠ ಮಾಡಿದೆ. ಒಮ್ಮೆ ಚರ್ಚಿನಲ್ಲಿ ಕೇಳಿದ ಪ್ರಸಂಗದ ಭರದಲ್ಲಿ, 'ನಾನು' ಎಂಬುದು ಸಾಯಬೇಕು ಎಂದುಬಿಟ್ಟೆ. ಐನಾಪುರದ ಹುಡುಗಿಯೊಬ್ಬಳು ಎದ್ದು, "ಮೇಡಂ, 'ನಾನು' ಸತ್ತದ ಅಂತ ಹೇಳ್ಲಿಕ್ಕಾದ್ರೂ ಒಬ್ರು ಒಳಗ ಉಳೀಬೇಕಲ್ರಿ? ಅವರ್ಯಾರು?" ಎಂದಳು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಕೂಡು ಎಂದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅಹಂ ಯಾವಾಗಲೂ ಮೀಸೆ ತಿರುವುತ್ತ ಬರಬೇಕೆಂದಿಲ್ಲ, ಬೋಗುಣಿ ಹಿಡಿದು ಮೊಣಕಾಲೂರಿಯೂ ಕೂತಿರುತ್ತದೆ. ಕೊಡುವ ಕೈ ಸದಾ ಮೇಲಿರುತ್ತದಲ್ಲ, ಆ ಎತ್ತರ ಅದಕ್ಕೆ ಸಾಕು. ತನ್ನನ್ನು ನಿಜವಾಗಿ ಮರೆತವರಿಗೆ ಕೊಡುವುದೂ ಸಲೀಸು, ತೆಗೆದುಕೊಳ್ಳುವುದೂ ಸಲೀಸು. ಅತ್ತೆಗೆ ಎರಡನೆಯದು ಬರಲಿಲ್ಲ. ಇಷ್ಟೆಲ್ಲ ಅವಳ ಬಗ್ಗೆ ತಿಳಿದುಕೊಂಡ ಜಾಣೆ ನಾನು, ಒಬ್ಬಳೇ ಕಲಬುರಗಿಗೆ ಹೋಗಿ ಪೊರೆ ತೆಗೆಸಿಕೊಳ್ಳದೆ ವಾಪಸು ಬಂದವಳು.

ಗೋಡೆಯಾಚೆ ಖಮರುನ್ನಿಸಾ ಇದ್ದಾಳೆ. ಟೈಲರಿಂಗ್ ಮಾಡುತ್ತಾಳೆ. ಅವಳ ಇಬ್ಬರು ಹೆಣ್ಣುಮಕ್ಕಳಿಗೆ ಹತ್ತನೆಯ ಇಯತ್ತೆಯವರೆಗೆ ಪುಕ್ಕಟೆ ಪಾಠ ಹೇಳಿದವಳು ನಾನೇ. ಕ್ರಿಸ್ಮಸ್ಸಿಗೆ ಕೇಕು, ಕಜ್ಜಾಯ ತಪ್ಪದೆ ಕಳಿಸುತ್ತೇನೆ. ಹಬ್ಬಕ್ಕೆ ಅವಳ ಮನೆಯಿಂದ ಡಬ್ಬಿ ಬಂದರೆ, "ಯಾರರ ಇಲ್ಲದವರಿಗಿ ಕೊಡವ್ವಾ, ನಾನೊಬ್ಬಾಕಿ, ನನಗ್ಯಾಕ," ಎಂದು ಬಾಗಿಲಲ್ಲೇ ಹಿಂದಿರುಗಿಸುತ್ತಿದ್ದೆ. ಕೆಲವು ವರ್ಷಗಳಿಂದ ಡಬ್ಬಿ ಬರುವುದು ನಿಂತಿತ್ತು. ಅವಳಿಗೆ ನನ್ನ ಸ್ವಭಾವ ಅರ್ಥವಾಯಿತು ಎಂದು ಸಮಾಧಾನಪಟ್ಟಿದ್ದೆ.

ನಿನ್ನೆ ಮಧ್ಯಾಹ್ನ ಅವಳ ಬಾಗಿಲಿಗೆ ಹೋದೆ. ಮೂರು ಸಲ ಹೊಸ್ತಿಲವರೆಗೆ ಹೋಗಿ ಮರಳಿದ ಮೇಲೆ, ನಾಲ್ಕನೆಯ ಸಲ. ಹೊಲಿಗೆ ಮಷೀನಿನ ಎದುರು ನಿಂತು, "ಸೋಮವಾರ ನನ್ನ ಜೊತಿ ದವಾಖಾನಿಗಿ ಬರ್ತೀಯೇನವ್ವಾ?" ಎಂದೆ.

"ಬರ್ತೀನ್ರಿ. ಅದಕ್ಕೇನು ಕೇಳೋದದ," ಎಂದು ಮಷೀನು ನಿಲ್ಲಿಸಿದಳು. ನನ್ನನ್ನೇ ನೋಡಿದಳು. "ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ನಮ್ಮ ಮನೀದು ತಿನ್ನಂಗಿಲ್ಲ ಅಂತ ತಿಳ್ಕೊಂಡಿದ್ದೆ. ನಾವು ಮುಸಲ್ಮಾನರು ಅಂತ. ಅದಕ್ಕೇ ಕಳಿಸೋದು ಬಿಟ್ಟೆ. ಬೇಟಿಗಳಿಗೂ ಹಂಗೇ ಹೇಳಿದ್ದೆ."

ನಮ್ಮಜ್ಜ ಮುಧೋಳದವನು. ಶಿಲುಬೆಯ ಕಡೆಗೆ ಬರುವ ಮೊದಲು, ಬಂದ ಮೇಲೂ, ಊರಿನ ದೊಡ್ಡ ಮನೆಗಳವರು ಅವನ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು, ತಂಬಿಗೆ ತಾಕದಂತೆ. ಆ ಕಥೆಯನ್ನು ಅಪ್ಪ ಹೇಳುವಾಗೆಲ್ಲ ನಾನು ಅತ್ತಿದ್ದೇನೆ. ಅವನ ಮೊಮ್ಮಗಳು ನಾನು, ತ್ಯಾಗ ಮಾಡುತ್ತಿದ್ದೇನೆಂದುಕೊಂಡು ಇಷ್ಟು ವರ್ಷ ಈ ಹೆಂಗಸಿನ ಎದುರು ಅದನ್ನೇ ಮಾಡಿದ್ದೆ.

ಹಾಸಿದ ಚಾಪೆಯ ಮೇಲೆ ಕೂತೆ. "ಖಮರು, ಒಂದು ಗ್ಲಾಸು ನೀರು ಕೊಡ್ತೀಯೇನು?"

ಅವಳು ಎದ್ದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು.

"ಖರೇನೇ ಕುಡೀತೀರಿ?"