ಸಲೋಮಕ್ಕನ ಕೊಕ್ಕೆ

ಸಲೋಮೆ ರೀನರ್ ಜಗಳಗಂಟಿ ಎಂದು ನಮ್ಮ ಸೆರ್ನ್‌ಫ್ ಕಣಿವೆಯಲ್ಲಿ ಹೇಳದವರಿಲ್ಲ. ಪಕ್ಕದ ಮನೆಯವನಾಗಿ ನಾನು ಹೇಳುತ್ತೇನೆ: ಅವಳಿಗೆ ಜಗಳ ಬೇಕಿರಲಿಲ್ಲ, ಹುಲ್ಲು ಬೇಕಿತ್ತು. ಜಗಳವನ್ನು ಅವಳ ಬಾಗಿಲಿಗೆ ಹೊತ್ತು ತಂದವರು ಬೇರೆಯವರು, ಅದೂ ಓದಿದವರು.

ಅವಳ ಹುಲ್ಲುಗಾವಲು ಇರುವುದು ಮನೆಯ ನೆತ್ತಿಯ ಮೇಲೆ, ಹಸುಗಳು ಹತ್ತಲಾರದಷ್ಟು ಕಡಿದಾದ ಜಾಗದಲ್ಲಿ. ಆಗಸ್ಟ್ ಬಂತೆಂದರೆ ಬೂಟಿನಡಿಗೆ ಕಬ್ಬಿಣದ ಹಲ್ಲು ಕಟ್ಟಿಕೊಂಡು ಮೇಲೆ ಹೋಗಬೇಕು, ಕೊಯ್ಯಬೇಕು, ಒಣಗಿಸಬೇಕು, ಬಲೆಯಲ್ಲಿ ಹೊರೆ ಕಟ್ಟಿ ತಂತಿಗೆ ನೇತುಹಾಕಬೇಕು. ಕೆಳಗಿದ್ದವರು ತಂತಿಗೆ ಕೋಲಿನಿಂದ ಎರಡು ಏಟು ಹಾಕಿದರೆ ಮೇಲಿದ್ದವರಿಗೆ ಅದು ಗೊತ್ತಾಗುತ್ತದೆ, ಹೊರೆ ಬಿಡುತ್ತಾರೆ. ಸುಂಯ್ ಎಂದು ಅದು ಕೊಟ್ಟಿಗೆಯ ಹಿಂದೆ ಬಂದಿಳಿಯುತ್ತದೆ. ಆ ತಂತಿಯ ಕೆಳತುದಿಯನ್ನು ಹಿಡಿದಿದ್ದದ್ದು, ಅವಳ ಅಪ್ಪ ಕೊಟ್ಟಿಗೆಯ ಹಿಂದಿನ ಬಂಡೆಗೆ ಹೊಡೆದಿದ್ದ ಒಂದು ಕೊಕ್ಕೆ. ಕೊಕ್ಕೆಯಿಂದ ತಂತಿ, ತಂತಿಯಿಂದ ಹುಲ್ಲು, ಹುಲ್ಲಿನಿಂದ ಚಳಿಗಾಲ ದಾಟುವ ಆಡುಗಳು. ಗಂಡ ಸತ್ತ ಮೇಲೆ ಅವಳ ಬದುಕು ನಿಂತಿದ್ದು ಇಷ್ಟರ ಮೇಲೆ.

ಆ ಬಂಡೆಯೇ ಅವಳ ಗ್ರಹಚಾರ. ಕೆಳಗೆ ಪದರು ಪದರಾದ ಕಪ್ಪು ಸ್ಲೇಟುಕಲ್ಲು, ಮೇಲೆ ಕೆಂಪು ಹಸಿರು ಬೆರೆತ ಗಟ್ಟಿಕಲ್ಲು, ನಡುವೆ ಮೊಳದಷ್ಟು ದಪ್ಪದ ತಿಳಿ ಸುಣ್ಣಕಲ್ಲಿನ ಪಟ್ಟಿ. ಕಲ್ಲು ಓದುವವರ ಪ್ರಕಾರ ಮೇಲಿನದು ಮುದುಕ, ಕೆಳಗಿನದು ಎಳೆಯ, ಇರಬೇಕಾದ್ದಕ್ಕೆ ಪೂರಾ ತಲೆಕೆಳಗು. ಬೆಟ್ಟಗಳು ಏಳುವ ಕಾಲದಲ್ಲಿ ದಕ್ಷಿಣದಿಂದ ಕಲ್ಲಿನ ಪದರಗಳೇ ಇಡಿಯಾಗಿ ಜಾರಿ ಬಂದು, ಕೌದಿಯ ಮೇಲೆ ಕೌದಿ ಹೇರಿದ ಹಾಗೆ, ಎಳೆಯ ಕಲ್ಲಿನ ಮೇಲೆ ಕೂತವಂತೆ. ಅಷ್ಟು ಭಾರ ಜಾರಲು ಎಣ್ಣೆಯ ಹಾಗೆ ಒದಗಿದ್ದು ನಡುವಿನ ಆ ಪಟ್ಟಿ. ಇದನ್ನು ನೋಡಲು ಲೋಕದ ಮೂಲೆ ಮೂಲೆಯಿಂದ ಬರುತ್ತಾರೆ. ನಾನು ಬೇಡವೆನ್ನುವುದಿಲ್ಲ, ನೋಡುವಂಥದ್ದೇ.

ಸಲೋಮಕ್ಕನಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. "ಮುದಿದು ಎಳೇದರ ತಲೆ ಮೇಲೆ ಕೂತಿದೆ ಅಂತ ನೋಡಕ್ಕೆ ಅಷ್ಟು ದೂರದಿಂದ ಬರ್ಬೇಕಾ? ನಮ್ಮತ್ತೆ ಸಾಯೋ ತನಕ ಮಹಡಿ ಮೇಲೆ ಕೂತಿದ್ರು. ಒಬ್ರೂ ಬಂದು ನೋಡ್ಲಿಲ್ಲವಲ್ಲ," ಎನ್ನುತ್ತಿದ್ದಳು.

ಬರುವವರು ಬರೀ ಕಣ್ಣಿನಿಂದ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಬ್ಬೊಬ್ಬನ ಸೊಂಟದಲ್ಲೂ ಒಂದು ಸುತ್ತಿಗೆ. "ಒಂದೇ ಒಂದು ಚೂರು, ಅಮ್ಮ," ಎಂದು ಹಲ್ಲು ಕಿರಿಯುವುದು, ಆ ಪಟ್ಟಿಯನ್ನೇ ಕೆತ್ತಿ ಜೇಬಿಗೆ ಹಾಕಿಕೊಳ್ಳುವುದು. ವರ್ಷ ವರ್ಷವೂ ಕೆತ್ತಿ ಕೆತ್ತಿ ಬಂಡೆ ಬೊಚ್ಚುಬಾಯಿಯಾಯಿತು, ಮೇಲಿನ ಕಲ್ಲಿಗೆ ಆಸರೆ ತಪ್ಪಿತು. ಒಂದು ವಸಂತದಲ್ಲಿ, ಹಿಮ ಕರಗುವ ಹೊತ್ತಿಗೆ, ಆಳೆತ್ತರದ ತುಂಡೊಂದು ಕಳಚಿ ಕೊಟ್ಟಿಗೆಯ ಮೂಲೆಯನ್ನು ಮುರಿದುಕೊಂಡು ಬಿತ್ತು. ಗಬ್ಬದ ಆಡೊಂದು ಅದರಡಿ ಅಪ್ಪಚ್ಚಿಯಾಯಿತು. ಸುತ್ತಿಗೆಯವರಲ್ಲಿ ಒಬ್ಬನಾದರೂ ಬಂದು ತಪ್ಪಾಯಿತು ಎಂದನೇ? ಕಳಚಿದ ಜಾಗದಲ್ಲಿ ಪಟ್ಟಿ ಹೊಸದಾಗಿ ಕಾಣುತ್ತಿದೆಯೆಂದು ಮುಂದಿನ ತಂಡ ಇನ್ನಷ್ಟು ಖುಷಿಯಿಂದ ಬಂತು.

ಆಗ ಸಲೋಮಕ್ಕ ಊರ ಸಭೆಯಲ್ಲಿ ಎದ್ದು ನಿಂತಳು. ಅವಳು ಸಭೆಯಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು.

"ಊರವರೇ, ಆ ಬಂಡೆ ನಮ್ಮ ಬೆನ್ನಿಗಿರೋ ಗೋಡೆ. ನಿಮ್ಮ ಮನೆ ಗೋಡೆನ ದಾರಿಹೋಕರೆಲ್ಲ ಕೆತ್ಕೊಂಡು ಹೋದ್ರೆ ಸುಮ್ನಿರ್ತೀರಾ? ಸುತ್ತಿಗೆ ನಿಲ್ಸಿ. ನಾನು ಕೇಳೋದು ಇಷ್ಟೇ."

ಕೈಗಳು ಎದ್ದವು, ನನ್ನದೂ ಎದ್ದಿತು. ಬಂಡೆ ಕಾಯುವುದಕ್ಕೆ ಒಂದು ಸಮಿತಿಯಾಯಿತು, ಅದಕ್ಕೆ ಮುಖ್ಯಸ್ಥನಾಗಿ ಜ್ಯೂರಿಕ್ ಕಡೆಯಿಂದ ಡಾಕ್ಟರ್ ವೆಟ್‌ಸ್ಟೈನ್ ಎಂಬ ಕಲ್ಲುತಜ್ಞ ಬಂದ. ಸಲೋಮಕ್ಕ ಅವನನ್ನು ಕೂರಿಸಿ, ಬ್ರೆಡ್ಡಿಗೆ ನಮ್ಮ ಕಡೆಯ ಸೊಪ್ಪು ಬೆರೆಸಿದ ಹಸಿರು ಚೀಸ್ ಸವರಿ ಕೊಟ್ಟು, ಕಾಫಿಗೆ ಚೆರ್ರಿ ಸಾರಾಯಿಯನ್ನೂ ಸುರಿದಳು. ನನ್ನ ಬಂಡೆ ಉಳಿಯಿತು ಎಂದುಕೊಂಡಿದ್ದಳು ಪಾಪ.

ಮರುವರ್ಷ ಅವನು ಇಬ್ಬರು ಆಳುಗಳೊಂದಿಗೆ ಬಂದ. ಬಂದವನ ಕಣ್ಣು ಬಿದ್ದಿದ್ದು ಕೊಕ್ಕೆಯ ಮೇಲೆ.

"ಇದು ಇರೋ ಹಾಗಿಲ್ಲಮ್ಮ. ಬಂಡೇಲಿ ಕಬ್ಬಿಣ ಇರಬಾರದು ಅಂತ ನಿಯಮ ಆಗಿದೆ."

"ಅದು ನಮ್ಮಪ್ಪ ಹೊಡೆದಿದ್ದು ಡಾಕ್ಟ್ರೇ. ಒಂದು ಚೂರು ಕಲ್ಲೂ ಉದುರಿಸಿಲ್ಲ. ಹುಲ್ಲು ಇಳಿಸ್ತೀನಿ ಅದ್ರಲ್ಲಿ."

"ಬೇರೆ ದಾರೀಲಿ ಇಳಿಸಿ."

"ಬೇರೆ ದಾರಿ ನನ್ನ ಬೆನ್ನು. ಅದಕ್ಕೂ ವಯಸ್ಸಾಗಿದೆ."

"ನಿಯಮ ಬೇಕು ಅಂತ ಕೇಳಿದ್ದು ನೀವೇ ಅಲ್ವೇನಮ್ಮ?" ಎಂದು ನಕ್ಕ.

ಆ ನಗುವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಅವಳ ಕಣ್ಣೆದುರೇ ಕೊಕ್ಕೆಯನ್ನು ಗರಗಸದಿಂದ ಕೊಯ್ದರು. ಆಮೇಲೆ ಅದೇ ಜಾಗದ ಪಕ್ಕದಲ್ಲಿ ಯಂತ್ರದಿಂದ ನಾಲ್ಕು ತೂತು ಕೊರೆದು, ಹೆಬ್ಬೆರಳಿಗಿಂತ ದಪ್ಪನೆಯ ಬೋಲ್ಟುಗಳನ್ನು ಜಡಿದು, ಒಂದು ದೊಡ್ಡ ಬೋರ್ಡು ನಿಲ್ಲಿಸಿದರು. ಬಂಡೆಯನ್ನು ಕೆತ್ತುವುದು, ಕೊರೆಯುವುದು, ಅದಕ್ಕೆ ಕಬ್ಬಿಣ ಹೊಡೆಯುವುದು ನಿಷಿದ್ಧ ಎಂದು ಅದರಲ್ಲಿ ಬರೆದಿತ್ತು. ಕಣ್ಣಿಗೆ ಮಣ್ಣೆರಚುವವರಿಗೂ ಒಂದಿಷ್ಟು ನಾಚಿಕೆ ಇರಬೇಡವೇ?

ಆ ಬೇಸಿಗೆ ಸಲೋಮಕ್ಕ ಹುಲ್ಲನ್ನು ಬೆನ್ನ ಮೇಲೆ ಹೊತ್ತು ಇಳಿಸಿದಳು. ನಾನೂ ನನ್ನ ಹೆಂಡತಿ ಉರ್ಸ್ಲಾಳೂ ಕೈಲಾದಷ್ಟು ಹೊತ್ತೆವು. ಅರ್ಧ ಹುಲ್ಲು ಮೇಲೆಯೇ ಕೊಳೆಯಿತು, ಹಿಮ ಬೀಳುವ ಮೊದಲು ಅರ್ಧ ಆಡುಗಳನ್ನು ಮಾರಿದಳು. ಕೊಂಡವನ ಗಾಡಿ ತಿರುವು ದಾಟುವವರೆಗೆ ಅಂಗಳದಲ್ಲೇ ನಿಂತಿದ್ದಳು.

ಮತ್ತೆ ಆಗಸ್ಟ್ ಬಂತು. ಒಂದು ಬೆಳಿಗ್ಗೆ ಅವಳು ನನ್ನ ಬಾಗಿಲು ಬಡಿದಳು. "ಲೋ ಬಾಲ್ಟ್ಸ್, ಉರ್ಸ್ಲಾನ ಮೇಲಕ್ಕೆ ಕಳ್ಸು. ನೀನು ನನ್ನ ಜೊತೆ ಬಾ." ಹೋಗಿ ನೋಡಿದರೆ ಹಳೆಯ ತಂತಿಯನ್ನು ಎಳೆದು ತಂದು, ಬೋರ್ಡಿನ ಹಿಂದಿನ ಬೋಲ್ಟಿಗೆ ಬಿಗಿದು ಕಟ್ಟಿದ್ದಳು. ಹೊರೆಗಳು ಒಂದೊಂದಾಗಿ ಇಳಿಯತೊಡಗಿದವು. ಅವಳಪ್ಪನ ಕೊಕ್ಕೆಯಲ್ಲಾದರೂ ಹಿಂದೆ ತಂತಿ ಒಂದಿಷ್ಟು ಕುಣಿಯುತ್ತಿತ್ತು, ಇದು ಅಲುಗಲೂ ಇಲ್ಲ.

ಮಧ್ಯಾಹ್ನ ವೆಟ್‌ಸ್ಟೈನ್ ಪ್ರವಾಸಿಗಳ ಗುಂಪಿನೊಂದಿಗೆ ಬಂದ. ಬೋರ್ಡನ್ನು ನೋಡಿ, ತಂತಿಯನ್ನು ನೋಡಿ, ಕೆಂಪಾದ.

"ಏನಮ್ಮ ಇದು? ಬಂಡೆಗೆ ಕಬ್ಬಿಣ ಹೊಡೆಯೋ ಹಾಗಿಲ್ಲ ಅಂತ ಹೇಳಿಲ್ವಾ?"

"ಹೇಳಿದೀರಿ. ಬರೆದೂ ಹಾಕಿದೀರಿ. ಓದ್ಕೊಂಡೇ ಕಟ್ಟಿದೀನಿ," ಎಂದಳು ಸಲೋಮಕ್ಕ. "ಕಬ್ಬಿಣ ಹೊಡೆದೋರು ನೀವು ಡಾಕ್ಟ್ರೇ. ನಾನು ಹುಲ್ಲು ಕಟ್ಟಿದೀನಿ, ಅಷ್ಟೆ. ನಿಮ್ದು ಕೀಳಿಸಿ, ಆಮೇಲೆ ನಂದು ಬಿಚ್ತೀನಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ವೆಟ್‌ಸ್ಟೈನ್ ಬೋಲ್ಟನ್ನೇ ನೋಡುತ್ತ ತಂತಿಯ ಕೆಳಗೆ ನಿಂತುಬಿಟ್ಟ. ಸಲೋಮಕ್ಕ ಕೋಲೆತ್ತಿ ತಂತಿಗೆ ಎರಡು ಏಟು ಹಾಕಿದಳು.

"ಸರಿದು ನಿಲ್ಲಿ ಡಾಕ್ಟ್ರೇ," ಎಂದಳು. "ಹುಲ್ಲು ಬರ್ತದೆ."